ನಾಣ್ಯದ ಮೇಲೆ ದೇವರಿದ್ದರೆ ಅದು ರಾಜನ ಭಕ್ತಿಯೇ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಎರಡು ನಾಣ್ಯಗಳ ಫೋಟೊ ಈಗ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಒಂದು ಹೈದರಾಲಿಯ ಚಿನ್ನದ ವರಹ, ಅದರಲ್ಲಿ ಶಿವ-ಪಾರ್ವತಿ. ಇನ್ನೊಂದು ಮಹಮದ್ ಘೋರಿಯದು, ಅದರಲ್ಲಿ ಕೂತಿರುವ ಲಕ್ಷ್ಮಿ. ಒಬ್ಬರು "ನೋಡಿ, ಎಷ್ಟು ದೊಡ್ಡ ಮನಸ್ಸು" ಅಂತಾರೆ. ಇನ್ನೊಬ್ಬರು "ಇದೆಲ್ಲ ಎಡಿಟ್ ಮಾಡಿದ ಫೋಟೊ" ಅಂತಾರೆ. ಈ ನಾಣ್ಯಗಳು ನಿಜಾನಾ? ನಿಜವಾದರೆ, ನಾಣ್ಯದ ಮೇಲಿನ ದೇವರನ್ನು ನೋಡಿ ರಾಜನ ಬಗ್ಗೆ ಏನಾದರೂ ಹೇಳಬಹುದಾ? ಹಳೆಯ ಕಾಲದ ಉದಾಹರಣೆ ಗೊತ್ತಿರುವವರು ದಯವಿಟ್ಟು ಬರೆಯಿರಿ. ಈಗಿನ ರಾಜಕೀಯ ಬೇಡ.

ವರಹ_ಹಣ_ಹಾಗ:
ಎರಡೂ ನಿಜ. ಎಡಿಟ್ ಅಲ್ಲ.

ಹೈದರನದ್ದರಿಂದ ಶುರು ಮಾಡೋಣ. 1763ರಲ್ಲಿ ಅವನು ಬಿದನೂರನ್ನು ಗೆದ್ದ. ಅಂದರೆ ಕೆಳದಿ ನಾಯಕರ ರಾಜಧಾನಿ, ಈಗಿನ ಹೊಸನಗರದ ಹತ್ತಿರದ 'ನಗರ' ಎಂಬ ಊರು. ಆ ಊರಿನಲ್ಲಿ ತುಂಬಿದ ಖಜಾನೆ ಸಿಕ್ಕಿತು, ಓಡುತ್ತಿದ್ದ ಟಂಕಸಾಲೆಯೂ (ನಾಣ್ಯ ಹೊಡೆಯುವ ಜಾಗ) ಸಿಕ್ಕಿತು. ಕೆಳದಿಯವರ ಇಕ್ಕೇರಿ ವರಹದ ಒಂದು ಬದಿಯಲ್ಲಿ ಶಿವ-ಪಾರ್ವತಿ, ಇನ್ನೊಂದು ಬದಿಯಲ್ಲಿ ನಾಗರಿಯಲ್ಲಿ "ಶ್ರೀ ಸದಾಶಿವ". ಹೈದರ ಮಾಡಿದ್ದು ಇಷ್ಟೇ: ಶಿವ-ಪಾರ್ವತಿಯನ್ನು ಹಾಗೇ ಬಿಟ್ಟ. ಹಿಂದಿನ ಬದಿಯ ಬರಹ ತೆಗೆದು, ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿ ಲಿಪಿಯಲ್ಲಿ ಹಾಕಿದ. ಸುತ್ತ ಚುಕ್ಕೆಗಳು. ಜನ ಅದನ್ನು ಬಹಾದುರಿ ವರಹ ಅಂದರು.

ಇನ್ನು ಕೆಳದಿಯವರಿಗೆ ಆ ಚಿತ್ರ ಎಲ್ಲಿಂದ ಬಂತು? ವಿಜಯನಗರದಿಂದ. ಎರಡನೇ ಹರಿಹರನ ಕಾಲದಲ್ಲೇ ಉಮಾಮಹೇಶ್ವರ ವರಹ ಇತ್ತು. ವಿಜಯನಗರದ ಮೊದಲ ಮನೆತನ ಸಂಗಮರ ಕಾಲದಲ್ಲಿ ಶುರುವಾದ ಚಿತ್ರ ಹೈದರನ ಕೈಗೆ ಬರುವ ಹೊತ್ತಿಗೆ ಮುನ್ನೂರಕ್ಕೂ ಜಾಸ್ತಿ ವರ್ಷದ ಹಳತು. ಸಂತೆಯಲ್ಲಿ, ಬಂದರಿನಲ್ಲಿ, ಅಡಿಕೆ-ಮೆಣಸಿನ ವ್ಯಾಪಾರದಲ್ಲಿ ಎಲ್ಲರ ಕಣ್ಣಿಗೂ ಪಳಗಿದ ನಾಣ್ಯ. ಅದನ್ನು ಬದಲಿಸಿದರೆ ನಾಣ್ಯ ಪರೀಕ್ಷಿಸುವ ಚಿನಿವಾರ ವಟ್ಟ ಹಿಡಿಯುತ್ತಾನೆ, ಅಂದರೆ ಬೆಲೆ ಕಡಿಮೆ ಮಾಡುತ್ತಾನೆ. ಯಾವ ಜಾಣ ದೊರೆ ಬದಲಿಸುತ್ತಾನೆ ಹೇಳಿ.

ಬಯಲುಸೀಮೆ:
ಅಂದರೆ ಬರೀ ವ್ಯಾಪಾರದ ಲೆಕ್ಕಾಚಾರ ಅಂತೀರಾ? ಮನಸ್ಸಿನಲ್ಲಿ ಗೌರವ ಇಲ್ಲದಿದ್ದರೆ ಹಾಕುತ್ತಿದ್ದನಾ?

ವರಹ_ಹಣ_ಹಾಗ:
ಗೌರವ ಇತ್ತೋ ಇಲ್ಲವೋ, ಅದನ್ನು ಈ ನಾಣ್ಯ ಹೇಳುವುದಿಲ್ಲ ಅಂತ ನನ್ನ ವಾದ. ಮದರಾಸಿನ ಈಸ್ಟ್ ಇಂಡಿಯಾ ಕಂಪನಿಯನ್ನು ನೋಡಿ. ಅವರೂ ದೇವರ ವರಹ ಹೊಡೆದರು. ವರಹಕ್ಕೆ ಅವರು ಪಗೋಡ ಅನ್ನುತ್ತಿದ್ದರು; ಒಂದಕ್ಕೆ ಮೂರು ಸ್ವಾಮಿ ಪಗೋಡ ಅಂತಲೇ ಹೆಸರು. ನಡುವೆ ಸ್ವಾಮಿ, ಎರಡು ಕಡೆ ದೇವಿಯರು. ಇನ್ನೊಂದರಲ್ಲಿ ಒಂದು ಬದಿ ವಿಷ್ಣು, ಇನ್ನೊಂದು ಬದಿ ನಕ್ಷತ್ರ. ಕೋರಮಂಡಲ ತೀರದಲ್ಲಿ ಡಚ್ಚರೂ ದೇವರ ವರಹ ಹೊಡೆದರು. ಇವರೆಲ್ಲ ತಿರುಪತಿಗೆ ಮುಡಿ ಕೊಟ್ಟವರಾ?

ಬಯಲುಸೀಮೆ:
😀 ಸರಿ ಸರ್, ಒಪ್ಪಿದೆ.

ಕಾಸಿನಸರ:
ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಹಳೆಯ ಅಚ್ಚನ್ನೇ ಮುಂದುವರಿಸಿದವರ ವಿಷಯದಲ್ಲಿ ವರಹ_ಹಣ_ಹಾಗ ಅವರ ಮಾತು ಸರಿ. ಆದರೆ ಹೊಸದಾಗಿ ಒಂದು ದೇವರನ್ನು ನಾಣ್ಯಕ್ಕೆ ತಂದವರ ಕಥೆ ಏನು? ಅಲ್ಲಿ ಯಾರೋ ಕೂತು ತೀರ್ಮಾನ ಮಾಡಿರಬೇಕು. ಅದಕ್ಕೆ ಕುಷಾಣರಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಕುಷಾಣರು ಮಧ್ಯ ಏಷ್ಯಾದಿಂದ ಬಂದವರು. ಈಗಿನ ಅಫ್ಘಾನಿಸ್ತಾನ, ಪಾಕಿಸ್ತಾನ, ಉತ್ತರ ಭಾರತದ ದೊಡ್ಡ ಭಾಗ ಅವರ ಕೈಯಲ್ಲಿತ್ತು. ಅವರಲ್ಲಿ ದೊಡ್ಡ ಪ್ರಮಾಣದಲ್ಲಿ ಚಿನ್ನದ ನಾಣ್ಯ ಹೊಡೆಸಿದ್ದು ವಿಮ ಕಡ್ಫೈಸಿಸ್. ಸುಮಾರು 8 ಗ್ರಾಂ ತೂಕ. ಅವನ ನಾಣ್ಯದ ಹಿಂಬದಿಯಲ್ಲಿ ತ್ರಿಶೂಲ ಹಿಡಿದ ಶಿವ, ಕೆಲವದರಲ್ಲಿ ಪಕ್ಕಕ್ಕೇ ನಂದಿ. ಖರೋಷ್ಠಿ ಲಿಪಿಯ ಬರಹದಲ್ಲಿ ತನ್ನನ್ನು ಮಾಹೇಶ್ವರ, ಅಂದರೆ ಶಿವಭಕ್ತ, ಅಂತ ಕರೆದುಕೊಂಡಿದ್ದಾನೆ. ಇದು ಬಿರುದು, ಅವನೇ ಹಾಕಿಸಿಕೊಂಡದ್ದು. ಇಲ್ಲಿ ಭಕ್ತಿ ಇಲ್ಲ ಅಂತ ಹೇಗೆ ಹೇಳುತ್ತೀರಿ?

ಅವನ ಮಗ ಕನಿಷ್ಕ. ಕ್ರಿ.ಶ. 127ರ ಸುಮಾರಿಗೆ ಪಟ್ಟಕ್ಕೆ ಬಂದ ಅಂತ ಈಗ ಹೆಚ್ಚಿನವರು ಒಪ್ಪುತ್ತಾರೆ. ಅವನ ನಾಣ್ಯಗಳನ್ನು ಸಾಲಾಗಿ ಇಟ್ಟು ನೋಡುವುದೇ ಒಂದು ಖುಷಿ. ಮೊದಮೊದಲು ಬರಹ ಗ್ರೀಕ್ ಭಾಷೆಯಲ್ಲಿ, ದೇವರ ಹೆಸರೂ ಗ್ರೀಕ್. ಸೂರ್ಯನಿಗೆ ಹೀಲಿಯಸ್, ಚಂದ್ರನಿಗೆ ಸೆಲೀನಿ. ಸ್ವಲ್ಪ ಕಾಲ ಕಳೆದ ಮೇಲೆ ಲಿಪಿ ಅದೇ, ಭಾಷೆ ಮಾತ್ರ ಬ್ಯಾಕ್ಟ್ರಿಯನ್ (ಅಫ್ಘಾನಿಸ್ತಾನದ ಕಡೆಯ ಹಳೆಯ ಇರಾನಿ ಭಾಷೆ). ಆಗ ಅದೇ ಸೂರ್ಯ ಮಿಯಿರೊ ಆಗುತ್ತಾನೆ, ಚಂದ್ರ ಮಾವೊ ಆಗುತ್ತಾನೆ. ಸೂರ್ಯನ ತಲೆಯ ಸುತ್ತ ಕಿರಣ, ಮುಂದೆ ಚಾಚಿದ ಕೈ, ಎಲ್ಲ ಹಾಗೇ ಇದೆ. ಕೆತ್ತುವವನಿಗೆ ಹೆಚ್ಚು ಕೆಲಸ ಕೊಡದೆ ಹೆಸರು ಬದಲಾಯಿಸಿದರು!

ಈ ಸಾಲಿನಲ್ಲಿ ಯಾರ್ಯಾರಿದ್ದಾರೆ ನೋಡಿ. ನಾನಾ ಎಂಬ ದೇವಿ, ಅವಳ ಬೇರು ಮೆಸಪೊಟೇಮಿಯದ್ದು. ಬೆಂಕಿಯ ದೇವರು ಅಥ್ಶೊ, ಗಾಳಿಯ ದೇವರು ಓಡೊ, ಸಿರಿಯ ದೇವಿ ಅರ್ದೋಕ್ಶೊ, ಶಿವನ ರೂಪದ ಓಯೆಶೊ. ಕೊನೆಗೆ ಬುದ್ಧ. ಮುಂಬದಿಯಲ್ಲಿ ಮಾತ್ರ ಸಾಮಾನ್ಯವಾಗಿ ಒಂದೇ ಚಿತ್ರ: ಗಡ್ಡದ ರಾಜ, ದಪ್ಪ ಕೋಟು, ಬೂಟು, ಚಿಕ್ಕ ಅಗ್ನಿವೇದಿಗೆ ಏನೋ ಅರ್ಪಿಸುತ್ತಿದ್ದಾನೆ. ಹಿಂಬದಿಯಲ್ಲಿ ಬುದ್ಧನಿರಲಿ ಶಿವನಿರಲಿ, ಮುಂಬದಿಯಲ್ಲಿ ರಾಜ ಬೆಂಕಿಯ ಮುಂದೆಯೇ ನಿಂತಿದ್ದಾನೆ. ನನಗೆ ಇದೇ ಆ ನಾಣ್ಯಗಳ ಅತಿ ಮುಖ್ಯ ಸಾಕ್ಷಿ.

ಅಂದಹಾಗೆ ಮಥುರಾ ವಸ್ತುಸಂಗ್ರಹಾಲಯದ ಕನಿಷ್ಕನ ಪ್ರತಿಮೆಗೆ ತಲೆಯೇ ಇಲ್ಲ. ಪಠ್ಯಪುಸ್ತಕದಲ್ಲಿ ಎಲ್ಲರೂ ನೋಡಿರುತ್ತೀರಿ. ಅದೇ ಕೋಟು, ಅದೇ ಬೂಟು. ಮುಖ ಹೇಗಿತ್ತು ಅಂತ ತಿಳಿಯಲು ನಾಣ್ಯವನ್ನೇ ನೋಡಬೇಕು.

ಕಡಲಾಚೆ:
ಮೇಡಂ, ಬುದ್ಧನ ಚಿನ್ನದ ನಾಣ್ಯವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ನೋಡಿದ್ದೇನೆ. ಅಷ್ಟು ಚಿಕ್ಕದು ಅಂದುಕೊಂಡಿರಲಿಲ್ಲ. ಬುದ್ಧ ಎದುರಿಗೆ ಮುಖ ಮಾಡಿ ನಿಂತಿದ್ದಾನೆ. ಬಲಗೈ ಅಭಯ, ಎಡಗೈಯಲ್ಲಿ ಚೀವರದ (ಭಿಕ್ಷುವಿನ ಬಟ್ಟೆ) ಅಂಚು. ತಲೆಗೂ ಪ್ರಭೆ, ಮೈ ಸುತ್ತಲೂ ಪ್ರಭೆ. ಪಕ್ಕದಲ್ಲಿ ಗ್ರೀಕ್ ಲಿಪಿಯಲ್ಲಿ "ಬೊಡ್ಡೊ".

ಅದು ಸಿಕ್ಕಿದ್ದು ಜಲಾಲಾಬಾದ್ ಹತ್ತಿರದ ಅಹೀನ್ ಪೋಶ್ ಸ್ತೂಪದಲ್ಲಿ, 1879ರಲ್ಲಿ. ಅಸ್ಥಿಯ ಜೊತೆ ಇಟ್ಟ ಚಿನ್ನದ ನಾಣ್ಯಗಳಲ್ಲಿ ಅದೂ ಒಂದು. ಅದೇ ಗಂಟಿನಲ್ಲಿ ರೋಮಿನ ಡೊಮಿಷಿಯನ್, ಟ್ರಾಜನ್, ಸಬೀನಾ ಇವರ ನಾಣ್ಯಗಳೂ ಇದ್ದವು. ಸ್ತೂಪಕ್ಕೆ ದಾನ ಕೊಟ್ಟವರು ರೋಮಿನ ರಾಣಿಯ ಮುಖ ಅಂತ ದೂರ ಇಡಲಿಲ್ಲ.

ಮಲೆನಾಡಿಗ_77:
ಕನಿಷ್ಕ ಬೌದ್ಧ ಅಂತ ನಾವು ಶಾಲೆಯಲ್ಲಿ ಓದಿದ್ದೆವಲ್ಲ? ನಾಲ್ಕನೇ ಬೌದ್ಧ ಸಮ್ಮೇಳನ ಕರೆದವನು ಅಂತ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೇವೆ. 😅

ಕಾಸಿನಸರ:
ಬೌದ್ಧ ಗ್ರಂಥಗಳು ಅವನನ್ನು ಎರಡನೇ ಅಶೋಕ ಅನ್ನುವಷ್ಟು ಹೊಗಳುತ್ತವೆ. ಪೇಶಾವರದಲ್ಲಿ ಅವನ ಹೆಸರಿನ ದೊಡ್ಡ ಸ್ತೂಪವೂ ಇತ್ತು. ಅವನು ಬೌದ್ಧರಿಗೆ ದಾನ ಕೊಟ್ಟಿದ್ದರಲ್ಲಿ ಅನುಮಾನ ಬೇಡ.

ಆದರೆ ಬುದ್ಧನ ಚಿನ್ನದ ನಾಣ್ಯಗಳು ತೀರಾ ಅಪರೂಪ. ಕೈಬೆರಳಲ್ಲಿ ಎಣಿಸುವಷ್ಟು. ತಾಮ್ರದಲ್ಲಿ ಸ್ವಲ್ಪ ಜಾಸ್ತಿ ಇವೆ. ಶಾಕ್ಯಮುನಿ ಅಂತ ಹೆಸರು ಹಾಕಿದ್ದೂ ಇದೆ, ಮೈತ್ರೇಯ ಅಂತ ಹಾಕಿದ್ದೂ ಇದೆ. ನಾನಾ, ಮಿಯಿರೊ, ಓಯೆಶೊ ಇವರ ನಾಣ್ಯಗಳ ರಾಶಿಯ ಮುಂದೆ ಇವು ಏನೂ ಅಲ್ಲ.

ಇನ್ನೊಂದು ಸಾಕ್ಷಿ 1993ರಲ್ಲಿ ಸಿಕ್ಕಿತು. ಅಫ್ಘಾನಿಸ್ತಾನದ ರಬಾತಕ್ ಶಾಸನ. ತನಗೆ ರಾಜ್ಯ ಸಿಕ್ಕಿದ್ದು ನಾನಾ ಮತ್ತು ಎಲ್ಲ ದೇವರುಗಳಿಂದ ಅಂತ ಕನಿಷ್ಕ ಅದರಲ್ಲಿ ಹೇಳಿದ್ದಾನೆ. ದೇವಾಲಯದಲ್ಲಿ ಯಾವ ದೇವರುಗಳ ಮೂರ್ತಿ ಇರಬೇಕು ಅಂತಲೂ ಪಟ್ಟಿ ಇದೆ. ಇರಾನಿನ ದೇವರು ಅಹುರ ಮಜ್ದ ಇದ್ದಾನೆ, ಮಿಹ್ರ (ಅದೇ ಮಿಯಿರೊ) ಇದ್ದಾನೆ. ಬುದ್ಧ ಇಲ್ಲ!

ಹಾಗಾಗಿ "ಕನಿಷ್ಕ ಬೌದ್ಧ" ಅಂತ ಒಂದೇ ಸಾಲಿನಲ್ಲಿ ಮುಗಿಸುವುದು ಕಷ್ಟ. ಅವನ ಮನೆತನದ ಪೂಜೆ ಇರಾನಿನ ಕಡೆಯದು. ಆಳುತ್ತಿದ್ದ ಜನ ಹಲವು ಬಗೆಯವರು. ಬೌದ್ಧ ಸಂಘಕ್ಕೂ ಕೈ ಬಿಚ್ಚಿ ಕೊಟ್ಟ. ನಾಣ್ಯಗಳಿಲ್ಲದೆ ಬರೀ ಗ್ರಂಥ ಓದಿದ್ದರೆ ನಮಗೆ ಕಾಣುತ್ತಿದ್ದುದು ಅರ್ಧ ಕನಿಷ್ಕ.

ವರಹ_ಹಣ_ಹಾಗ:
ಇದು ನನ್ನ ವಾದಕ್ಕೂ ಬಲ ಕೊಡುತ್ತದೆ ಅಲ್ವಾ ಮೇಡಂ? ಎಲ್ಲ ಪೇಟೆಗೂ ಒಂದೊಂದು ದೇವರು.

ಕಾಸಿನಸರ:
ಅರ್ಧ ಮಾತ್ರ. ಪೇಟೆಗೊಂದು ದೇವರು ಅಂದರೆ ಮಥುರಾ ಕಡೆ ಶಿವ, ಅಫ್ಘಾನಿಸ್ತಾನದ ಬಲ್ಖ್ ಕಡೆ ನಾನಾ ಅಂತ ಹಂಚಿಕೆ ಆಗಿರಬೇಕಿತ್ತು. ಆದರೆ ಚಿನ್ನದ ನಾಣ್ಯವನ್ನು ಒಂದೆರಡು ಟಂಕಸಾಲೆಗಳಲ್ಲಿ ಹೊಡೆದು ಎಲ್ಲ ಕಡೆ ಕಳಿಸುತ್ತಿದ್ದರು ಅಂತಲೇ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಒಂದೇ ಟಂಕಸಾಲೆ, ಹತ್ತಾರು ದೇವರು. "ಈ ದೇವರೆಲ್ಲ ನನ್ನ ಬೆನ್ನಿಗಿದ್ದಾರೆ" ಅಂತ ರಾಜ ಸಾರಿದ ಹಾಗೆ ನನಗೆ ಕಾಣುತ್ತದೆ. ಆಮೇಲೆ ಬಂದ ಹುವಿಷ್ಕ ಇನ್ನೂ ಮುಂದೆ ಹೋದ. ಅವನ ನಾಣ್ಯಗಳಲ್ಲಿ ಸ್ಕಂದ, ಕುಮಾರ, ವಿಶಾಖ, ಮಹಾಸೇನ ಎಲ್ಲರೂ ಬರುತ್ತಾರೆ. ಈಜಿಪ್ಟಿನ ಸೆರಾಪಿಸ್ ಕೂಡ! ಅವನ ನಂತರದ ವಾಸುದೇವನ ಹೊತ್ತಿಗೆ ಜಾತ್ರೆ ಮುಗಿಯಿತು. ಹೆಚ್ಚೂಕಡಿಮೆ ಶಿವ ಮತ್ತು ನಂದಿ ಮಾತ್ರ ಉಳಿದರು.

ಹೊಸಬ_ಕೆಆರ್‌ಪೇಟೆ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಪರಿಚಯದವರ ಹತ್ತಿರ ಈಸ್ಟ್ ಇಂಡಿಯಾ ಕಂಪನಿಯ 1818ರ ನಾಣ್ಯ ಇದೆ. ಒಂದು ಕಡೆ ಹನುಮಂತ. ಕೋಟಿಗಟ್ಟಲೆ ಬೆಲೆ, ಅಕ್ಕಿ ಕಾಳನ್ನು ಎಳೆಯುತ್ತದೆ ಅಂತ ಯಾರೋ ಹೇಳಿದ್ದಾರಂತೆ. ಮುಂಗಡ ಕೇಳುತ್ತಿದ್ದಾರೆ. ನಿಜಾನಾ?

ವರಹ_ಹಣ_ಹಾಗ:
ಒಂದು ರೂಪಾಯಿಯನ್ನೂ ಕೊಡಬೇಡಿ ಅಂತ ಹೇಳಿ. ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ. ಹನುಮಂತ, ರಾಮ-ಸೀತೆ, ಲಕ್ಷ್ಮಿ ಇರುವ ಆ "ಕಂಪನಿ" ಬಿಲ್ಲೆಗಳೆಲ್ಲ ಆಮೇಲೆ ಮಾಡಿದವು. ಕೆಲವದರ ಮೇಲೆ 1616, 1717 ಅಂತಲೂ ಇಸವಿ ಇರುತ್ತದೆ. ಪೂಜೆಗೆ, ಕೈಕಾಣಿಕೆಗೆ ಮಾಡಿದ ಟೋಕನ್‌ಗಳೂ ಅದರಲ್ಲಿ ಇವೆ, ಮೋಸಕ್ಕೆಂದೇ ಮಾಡಿದವೂ ಇವೆ. ನಿಜವಾದ ಹಳೆಯ ದೇವರ ವರಹ ಚಿನ್ನದ್ದು, ಉಗುರಿನಷ್ಟು ಅಗಲ, ಸಾಮಾನ್ಯವಾಗಿ ಇಂಗ್ಲಿಷ್ ಬರಹ ಇರುವುದಿಲ್ಲ.

ಅಕ್ಕಿ ಎಳೆಯುವುದು ಹಳೇ ದಂಧೆ. ನಾಣ್ಯದೊಳಗೆ ಅಯಸ್ಕಾಂತ, ಅಕ್ಕಿಯೊಳಗೆ ಕಬ್ಬಿಣದ ಚೂರು. ಪೊಲೀಸರಿಗೆ ಹೇಳಿ.

ನಿರ್ವಾಹಕ:
ನಾಣ್ಯದ ಬೆಲೆ, ಮಾರಾಟದ ಪ್ರಶ್ನೆಗಳಿಗೆ ಬೇರೆ ವಿಭಾಗ ಇದೆ. ಇಲ್ಲಿ ವಿಷಯಕ್ಕೆ ಬರೋಣ. ಹೊಲದಲ್ಲಿ, ಪಾಯ ತೋಡುವಾಗ ನಿಧಿ ಸಿಕ್ಕಿದರೆ ನಿಧಿ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಮತ್ತೊಮ್ಮೆ ನೆನಪಿಸುತ್ತೇನೆ.

ಶಾಸನದಾರಿ:
ತಡವಾಗಿ ಬಂದೆ. ಕನಿಷ್ಕನಿಗಿಂತ ಮುನ್ನೂರು ವರ್ಷ ಹಿಂದಕ್ಕೆ ಹೋಗೋಣವಾ?

ಅಫ್ಘಾನಿಸ್ತಾನದ ಉತ್ತರದ ಅಂಚಿನಲ್ಲಿ ಆಮು ದರಿಯಾ ಮತ್ತು ಕೋಕ್ಚಾ ನದಿ ಸೇರುವ ಜಾಗದಲ್ಲಿ ಐ ಖಾನುಮ್ ಅಂತ ಊರು. ಅಲೆಕ್ಸಾಂಡರನ ನಂತರ ಗ್ರೀಕರು ಕಟ್ಟಿದ್ದು. ರಂಗಮಂದಿರ, ವ್ಯಾಯಾಮಶಾಲೆ, ಎಲ್ಲ ಗ್ರೀಕ್ ಶೈಲಿ. ಫ್ರೆಂಚ್ ತಂಡ ಅಲ್ಲಿ ಉತ್ಖನನ ಮಾಡಿತು. 1970ರಲ್ಲಿ ಅರಮನೆಯ ಒಂದು ಕೋಣೆಯಲ್ಲಿ ನಾಣ್ಯದ ರಾಶಿ ಸಿಕ್ಕಿತು. ಹೆಚ್ಚಿನವು ನಮ್ಮ ಪಂಚ್ ಮಾರ್ಕ್ ಬೆಳ್ಳಿ ನಾಣ್ಯಗಳು, ಅಂದರೆ ಬೆಳ್ಳಿ ತುಂಡಿನ ಮೇಲೆ ಚಿಕ್ಕ ಚಿಕ್ಕ ಮುದ್ರೆ ಒತ್ತಿದವು. ಅವುಗಳ ನಡುವೆ ಅಗಾಥೊಕ್ಲಿಸ್ ಎಂಬ ಗ್ರೀಕ್ ರಾಜನ ಆರು ಬೆಳ್ಳಿ ನಾಣ್ಯಗಳು. ಕ್ರಿ.ಪೂ. 180ರ ಸುಮಾರಿನವು. ದುಂಡಗಿಲ್ಲ, ಭಾರತದ ರೂಢಿಯಂತೆ ಚೌಕ.

ಒಂದು ಬದಿ ಗ್ರೀಕ್ ಬರಹ, ಕೈಯಲ್ಲಿ ನೇಗಿಲು ಮತ್ತು ಒನಕೆ ಹಿಡಿದ ದೇವರು. ಇನ್ನೊಂದು ಬದಿ ಬ್ರಾಹ್ಮಿ ಬರಹ, ಚಕ್ರ ಮತ್ತು ಶಂಖ ಹಿಡಿದ ದೇವರು. ಹೆಸರು ಬರೆದಿಲ್ಲ, ಬೇಕಾಗಿಯೂ ಇಲ್ಲ. ಬಲರಾಮ, ವಾಸುದೇವ ಕೃಷ್ಣ. ಕಾಲ ಇಷ್ಟು ಗಟ್ಟಿಯಾಗಿ ಹೇಳಬಹುದಾದ ಇವರ ಚಿತ್ರಗಳಲ್ಲಿ ಇದಕ್ಕಿಂತ ಹಳೆಯದು ಸಿಗುವುದು ಕಷ್ಟ.

ಇಲ್ಲಿ ಗಮನಿಸಬೇಕಾದದ್ದು ಅಣ್ಣ-ತಮ್ಮಂದಿರಿಗೆ ಸಮಾನ ಸ್ಥಾನ. ಇಬ್ಬರಿಗೂ ಒಂದೊಂದು ಬದಿ. ರಾಧೆ ಇಲ್ಲ, ಕೊಳಲಿಲ್ಲ, ಬೆಣ್ಣೆ ಇಲ್ಲ. ಆ ಕಾಲದ ಭಕ್ತರಿಗೆ ಇವರು ವೃಷ್ಣಿ ಕುಲದ ವೀರರು. ನಾವು ಮನೆಯಲ್ಲಿ ಪೂಜಿಸುವ ಕೃಷ್ಣ ಆಮೇಲೆ ನಿಧಾನವಾಗಿ ಬೆಳೆದು ಬಂದವನು.

ಮಲೆನಾಡಿಗ_77:
ಗ್ರೀಕರಿಗೆ ನಮ್ಮ ದೇವರ ಮೇಲೆ ಯಾಕೆ ಇಷ್ಟು ಪ್ರೀತಿ?

ಶಾಸನದಾರಿ:
ಅಗಾಥೊಕ್ಲಿಸನ ಬೇರೆ ನಾಣ್ಯಗಳಲ್ಲಿ ಜೀಯಸ್ ಇದ್ದಾನೆ, ಡಯೊನಿಸಸ್ ಇದ್ದಾನೆ. ಆ ನಾಣ್ಯಗಳು ಗ್ರೀಕ್ ತೂಕದವು, ದುಂಡಗಿನವು. ಈ ಚೌಕ ನಾಣ್ಯಗಳು ಹಿಂದೂಕುಷ್ ದಾಟಿದ ಈಚೆ ಕಡೆಯ ಜನರಿಗೆ. ಇಲ್ಲಿ ವರಹ_ಹಣ_ಹಾಗ ಅವರ ವಾದವೇ ಸರಿ ಅನ್ನಿಸುತ್ತದೆ. ಆಕಾರವೂ ಇಲ್ಲಿನದು, ಲಿಪಿಯೂ ಇಲ್ಲಿನದು, ದೇವರೂ ಇಲ್ಲಿನವರು.

ಆದರೆ ಪ್ರೀತಿ ಇರಲೇ ಇಲ್ಲ ಅನ್ನಲೂ ಆಗುವುದಿಲ್ಲ. ಮಧ್ಯಪ್ರದೇಶದ ವಿದಿಶಾ ಹತ್ತಿರ ಬೆಸನಗರದಲ್ಲಿ ಹೆಲಿಯೊಡೋರಸನ ಗರುಡಗಂಬ ಇದೆ. ಅವನು ತಕ್ಷಶಿಲೆಯ ಗ್ರೀಕ್ ರಾಜ ಆಂಟಿಯಾಲ್ಕಿಡಾಸ್ ಕಳಿಸಿದ ರಾಯಭಾರಿ. ದೇವದೇವ ವಾಸುದೇವನಿಗೆ ಗರುಡಧ್ವಜ ನಿಲ್ಲಿಸಿ, ತನ್ನನ್ನು ಭಾಗವತ ಅಂತ ಕರೆದುಕೊಂಡಿದ್ದಾನೆ. ಅದು ಚಲಾವಣೆಗೆ ಹಾಕಿದ ನಾಣ್ಯ ಅಲ್ಲ, ಹರಕೆಯ ಕಂಬ.

ಇನ್ನೊಂದು ಉಪಕಾರ ಈ ಎರಡು ಭಾಷೆಯ ನಾಣ್ಯಗಳಿಂದ ಆಯಿತು. 1836ರಲ್ಲಿ ಲಾಸೆನ್ ಎಂಬ ವಿದ್ವಾಂಸ ಅಗಾಥೊಕ್ಲಿಸನ ನಾಣ್ಯದ ಗ್ರೀಕ್ ಹೆಸರನ್ನು ಹಿಡಿದೇ ಕೆಲವು ಬ್ರಾಹ್ಮಿ ಅಕ್ಷರಗಳನ್ನು ಗುರುತಿಸಿದ. ಆಮೇಲೆ ಪ್ರಿನ್ಸೆಪ್ ಬ್ರಾಹ್ಮಿಯನ್ನು ಪೂರ್ತಿ ಓದಿದ. ಮಸ್ಕಿ, ಬ್ರಹ್ಮಗಿರಿಯ ಅಶೋಕನ ಶಾಸನಗಳನ್ನು ಇವತ್ತು ನಾವು ಓದುತ್ತೇವೆ ಅಂದರೆ ಅದರಲ್ಲಿ ಆ ನಾಣ್ಯಗಳ ಪಾಲೂ ಇದೆ.

ಬಯಲುಸೀಮೆ:
ಘೋರಿಯ ಲಕ್ಷ್ಮಿ ಕಥೆ ಯಾರೂ ಹೇಳಲಿಲ್ಲ.

ವರಹ_ಹಣ_ಹಾಗ:
ಅದು ಹೈದರನ ಕಥೆಯೇ, ಆರು ಶತಮಾನ ಹಿಂದೆ. ತ್ರಿಪುರಿಯ ಕಲಚುರಿ ರಾಜ ಗಾಂಗೇಯದೇವ 11ನೇ ಶತಮಾನದಲ್ಲಿ ಒಂದು ಚಿನ್ನದ ನಾಣ್ಯ ತಂದ. ಒಂದು ಬದಿ ಮೂರು ಸಾಲಿನಲ್ಲಿ ಹೆಸರು, ಇನ್ನೊಂದು ಬದಿ ಕೂತ ಲಕ್ಷ್ಮಿ. ಅದು ಎಷ್ಟು ಚೆನ್ನಾಗಿ ಓಡಿತು ಅಂದರೆ ಚಂದೇಲರು, ಗಾಹಡವಾಲರು ಎಲ್ಲ ಅದನ್ನೇ ನಕಲು ಮಾಡಿದರು. 1190ರ ದಶಕದಲ್ಲಿ ಘೋರಿ ಕನೌಜ್ ಕಡೆಯನ್ನು ಗೆದ್ದಾಗ ಅಲ್ಲಿ ಚಲಾವಣೆಯಲ್ಲಿದ್ದುದು ಅದೇ. ನಾಗರಿಯಲ್ಲಿ ಹೆಸರು ಮಾತ್ರ ಬದಲಾಯಿತು. ಲಕ್ಷ್ಮಿ ಕೂತಲ್ಲೇ ಕೂತಿದ್ದಳು. ಗಜನಿಯ ಕಡೆ ಅವನು ಹೊಡೆದ ನಾಣ್ಯಗಳಲ್ಲಿ ಬರೀ ಅರಬಿ ಬರಹ, ಚಿತ್ರವೇ ಇಲ್ಲ. ಒಬ್ಬನೇ ದೊರೆ, ಎರಡು ಪೇಟೆ.

ಕಾಸಿನಸರ:
ಆ ಲಕ್ಷ್ಮಿಯ ವಂಶಾವಳಿಯನ್ನು ಇನ್ನೂ ಹಿಂದಕ್ಕೆ ಹಿಡಿಯಬಹುದು. ನನಗೆ ತುಂಬ ಇಷ್ಟದ ವಿಷಯ ಇದು.

ಕುಷಾಣರ ಅರ್ದೋಕ್ಶೊ ದೇವಿ ಎತ್ತರದ ಬೆನ್ನಿನ ಸಿಂಹಾಸನದ ಮೇಲೆ ಕೂತಿರುತ್ತಾಳೆ. ಕೈಯಲ್ಲಿ ಹಣ್ಣು-ಕಾಳು ತುಂಬಿದ ಕೊಂಬು, ಗ್ರೀಕ್-ರೋಮನ್ ಕಡೆಯ ಸಮೃದ್ಧಿಯ ಗುರುತು. ಗುಪ್ತರು ಚಿನ್ನದ ನಾಣ್ಯ ಶುರು ಮಾಡಿದಾಗ ಅದನ್ನೇ ಮಾದರಿ ಮಾಡಿಕೊಂಡರು. ಸಮುದ್ರಗುಪ್ತನ ಧ್ವಜ ಹಿಡಿದ ನಾಣ್ಯ ನೋಡಿ. ಮುಂಬದಿಯಲ್ಲಿ ರಾಜ ಕುಷಾಣ ಕೋಟು ತೊಟ್ಟು ವೇದಿಗೆ ಧೂಪ ಹಾಕುತ್ತಿದ್ದಾನೆ, ಪಕ್ಕದಲ್ಲಿ ಗರುಡಗಂಬ. ಹಿಂಬದಿಯಲ್ಲಿ ಅದೇ ಸಿಂಹಾಸನದ ದೇವಿ, ಅದೇ ಕೊಂಬು.

ಎರಡನೇ ಚಂದ್ರಗುಪ್ತನ ಕಾಲಕ್ಕೆ ಸಿಂಹಾಸನ ಹೋಗುತ್ತದೆ, ದೇವಿ ಕಮಲದ ಮೇಲೆ ಕೂರುತ್ತಾಳೆ. ಕೊಂಬು ಇದ್ದ ಕೈಗೆ ಕಮಲದ ಹೂ ಬರುತ್ತದೆ. ಇದನ್ನು ಯಾರೂ ಒಂದೇ ದಿನ ಆಜ್ಞೆ ಹೊರಡಿಸಿ ಮಾಡಿದ್ದಲ್ಲ. ಕೆಲವು ನಾಣ್ಯಗಳಲ್ಲಿ ಕಮಲವೂ ಇದೆ, ಹಳೆಯ ಸಿಂಹಾಸನವೂ ಇದೆ! ಅರ್ದೋಕ್ಶೊ ಎಲ್ಲಿ ಮುಗಿದಳು, ಲಕ್ಷ್ಮಿ ಎಲ್ಲಿ ಶುರುವಾದಳು ಅಂತ ಗೆರೆ ಎಳೆಯಲು ಹೋದರೆ ಕೈ ನಡುಗುತ್ತದೆ. 1946ರಲ್ಲಿ ರಾಜಸ್ಥಾನದ ಬಯಾನಾದಲ್ಲಿ ಸಿಕ್ಕ 1,800ಕ್ಕೂ ಹೆಚ್ಚು ಗುಪ್ತ ನಾಣ್ಯಗಳ ನಿಧಿ ಇಂಥ ಸೂಕ್ಷ್ಮಗಳನ್ನು ನೋಡಲು ತುಂಬ ನೆರವಾಯಿತು.

ಹಾಗಾಗಿ ನಾನು ಹುಡುಗರಿಗೆ ಹೇಳುವುದು: ಒಂದೇ ನಾಣ್ಯ ಎತ್ತಿಕೊಂಡು ತೀರ್ಪು ಕೊಡಬೇಡಿ. ಅದರ ಹಿಂದಿನದನ್ನು ಇಡಿ, ಮುಂದಿನದನ್ನು ಇಡಿ. ಏನು ಬದಲಾಯಿತು ನೋಡಿ. ಬದಲಾದ ಕಡೆ ಯಾರದೋ ಮನಸ್ಸು ಕೆಲಸ ಮಾಡಿದೆ. ಬದಲಾಗದ ಕಡೆ ಹೆಚ್ಚಾಗಿ ರೂಢಿ.

ತುಂಗಾತೀರ:
ಇದು ತುಂಬಾ ಉಪಯೋಗ ಆಯಿತು ಮೇಡಂ. ಹಾಗಾದರೆ ಟಿಪ್ಪು? ಅವನು ಬದಲಾಯಿಸಿದ ಅಂತಾರಲ್ಲ.

ಬಯಲುಸೀಮೆ:
ಆಯ್ತು, ಈಗ ಜಗಳ ಶುರು 😀

ನಿರ್ವಾಹಕ:
ನಾಣ್ಯದ ಬಗ್ಗೆ ಮಾತ್ರ. ಬೈಗುಳ ಬಂದರೆ ಅಳಿಸುತ್ತೇನೆ.

ವರಹ_ಹಣ_ಹಾಗ:
ಟಿಪ್ಪು ಶಿವ-ಪಾರ್ವತಿಯನ್ನು ತೆಗೆದ, ನಿಜ. ವರಹದ ಎರಡೂ ಬದಿಗೆ ಪಾರಸಿ-ಅರಬಿ ಬರಹ ಬಂತು. ಅಪ್ಪನ ಹೆಸರಿನ ಅಕ್ಷರವನ್ನು ಮಾತ್ರ ಉಳಿಸಿಕೊಂಡ. ತಾಮ್ರದ ಕಾಸಿನಲ್ಲಿ ಆನೆ ಇತ್ತು. ಮೇಡಂ ಹೇಳಿದ ಲೆಕ್ಕದಲ್ಲಿ ವರಹದ ಈ ಬದಲಾವಣೆ ರೂಢಿ ಅಲ್ಲ, ತೀರ್ಮಾನ.

ಆದರೆ ಇದೇ ಟಿಪ್ಪು ಶೃಂಗೇರಿ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳಿವೆ. 1791ರಲ್ಲಿ ಮರಾಠಾ ಸೈನ್ಯದ ಪಿಂಡಾರಿಗಳು ಮಠವನ್ನು ದೋಚಿದಾಗ ಶಾರದೆಯ ಪ್ರತಿಷ್ಠೆಗೆ ಹಣ ಕಳಿಸಿದ್ದಾನೆ. ಆ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ನಾಣ್ಯ ಒಂದು ಹೇಳುತ್ತದೆ, ಪತ್ರ ಇನ್ನೊಂದು. ಎರಡೂ ಅವನದೇ. ಒಂದನ್ನು ಬಚ್ಚಿಟ್ಟು ಇನ್ನೊಂದನ್ನು ತೋರಿಸುವವರ ಜೊತೆ ವಾದಕ್ಕೆ ಇಳಿಯುವುದು ದಂಡ.

1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವ-ಪಾರ್ವತಿ ಮತ್ತೆ ಬಂದರು. ಟಿಪ್ಪುವಿನ ತಾಮ್ರದ ಆನೆಯೂ ಹೋಗಲಿಲ್ಲ. ತಲೆಯ ಮೇಲೆ ಸೂರ್ಯ-ಚಂದ್ರ ಬಂದರು, ಆಮೇಲೆ ಚಾಮುಂಡಿಯ ಹೆಸರೂ ಬಂತು.

ಶಾಸನದಾರಿ:
ಕನ್ನಡನಾಡಿನದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ಹೊಯ್ಸಳ ವಿಷ್ಣುವರ್ಧನ ಅಂದ ಕೂಡಲೇ ನೆನಪಾಗುವುದು ಬೇಲೂರಿನ ಚೆನ್ನಕೇಶವ, 1117. ಅವನ ಚಿನ್ನದ ಗದ್ಯಾಣ ಎತ್ತಿಕೊಳ್ಳಿ. ಒಂದು ಬದಿ ಕನ್ನಡದಲ್ಲಿ "ಶ್ರೀ ತಲಕಾಡುಗೊಂಡ". ಇನ್ನೊಂದು ನಾಣ್ಯದಲ್ಲಿ "ಶ್ರೀ ನೊಣಂಬವಾಡಿಗೊಂಡ". ಹಿಂದೆ ಸಿಂಹ, ಜೊತೆಗೆ ಇರುವ ದೇವಿಯನ್ನು ಚಾಮುಂಡಿ ಅಂತ ಗುರುತಿಸುತ್ತಾರೆ. ಚೆನ್ನಕೇಶವನ ಸುಳಿವೇ ಇಲ್ಲ! ಬೇಲೂರು ಮಣ್ಣುಪಾಲಾಗಿ ಬರೀ ನಾಣ್ಯ ಉಳಿದಿದ್ದರೆ ನಾವು ಅವನನ್ನು ವೈಷ್ಣವ ಅಂತ ಊಹಿಸುತ್ತಲೇ ಇರಲಿಲ್ಲ. ಅವನ ನಾಣ್ಯಕ್ಕೆ ಬೇಕಾಗಿದ್ದದ್ದು ಗೆದ್ದ ಊರಿನ ಹೆಸರು.

ಅದೇ ಕೃಷ್ಣದೇವರಾಯನಲ್ಲಿ ಬೇರೆ ಥರ. ಉದಯಗಿರಿಯನ್ನು ಗೆದ್ದು ಅಲ್ಲಿಂದ ಬಾಲಕೃಷ್ಣನ ಮೂರ್ತಿ ತಂದು ಹಂಪಿಯಲ್ಲಿ ಗುಡಿ ಕಟ್ಟಿಸಿ 1515ರಲ್ಲಿ ಪ್ರತಿಷ್ಠೆ ಮಾಡಿದ. ಆ ಮೂರ್ತಿ ಈಗ ಚೆನ್ನೈ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅವನ ವರಹದಲ್ಲಿ ಕೂತಿರುವ ದೇವರು ಅದೇ ಬಾಲಕೃಷ್ಣ ಅಂತ ಹೆಚ್ಚಿನವರ ಅಭಿಪ್ರಾಯ. ಒಪ್ಪದವರೂ ಇದ್ದಾರೆ. ಆಮೇಲಿನ ವರ್ತಕರಂತೂ ಅದನ್ನು ದುರ್ಗಿ ವರಹ ಅಂದುಕೊಂಡೇ ಎಣಿಸುತ್ತಿದ್ದರು. ದೇವರು ಯಾರು ಅಂತ ಗೊತ್ತಿಲ್ಲದೆಯೂ ಚಿನ್ನ ಚಿನ್ನವೇ!

ಹಂಪಿ ಬಿದ್ದ ಮೇಲೆ, ಪೆನುಕೊಂಡ-ಚಂದ್ರಗಿರಿಯಿಂದ ಆಳಿದ ಕಾಲದ ಎರಡನೇ ವೆಂಕಟಪತಿಯಲ್ಲಿ ಮಾತ್ರ ಗೊಂದಲವೇ ಇಲ್ಲ. ಕಮಾನಿನ ಕೆಳಗೆ ನಿಂತ ತಿರುಪತಿ ವೆಂಕಟೇಶ್ವರ, ಹಿಂದೆ "ಶ್ರೀ ವೆಂಕಟೇಶ್ವರಾಯ ನಮಃ". ರಾಜ್ಯ ಕರಗುತ್ತಿತ್ತು, ರಾಜನ ಬಿರುದಿನ ಜಾಗಕ್ಕೆ ದೇವರ ಮಂತ್ರ ಬಂತು.

ಕಡಲಾಚೆ:
ಇದುವರೆಗೆ ನಾಣ್ಯದ ಮೇಲಿನ ದೇವರ ಬಗ್ಗೆ ಮಾತಾಡಿದೆವು. ಗುಡಿಯ ಕಲ್ಲಿನ ಮೇಲೆ ನಾಣ್ಯ ಕೆತ್ತಿದ್ದು ಎಲ್ಲಾದರೂ ಇದೆಯಾ?

ಕಾಸಿನಸರ:
ಇದೆಯಲ್ಲ! ಭಾರ್ಹುತ್ ಸ್ತೂಪದ ಕಟಾಂಜನದಲ್ಲಿ. ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ, ಕ್ರಿ.ಪೂ. 2ನೇ ಶತಮಾನದ್ದು. ಅನಾಥಪಿಂಡಿಕ ಎಂಬ ಸೆಟ್ಟಿ ಬುದ್ಧನಿಗಾಗಿ ಜೇತವನ ಕೊಂಡ ಕಥೆ. ನೆಲ ಪೂರ್ತಿ ನಾಣ್ಯ ಹಾಸಿದರೆ ಮಾತ್ರ ಕೊಡುತ್ತೇನೆ ಅಂತ ಒಡೆಯ ಹೇಳಿದ್ದ. ಕಲ್ಲಿನಲ್ಲಿ ಎತ್ತಿನ ಗಾಡಿ ನಿಂತಿದೆ, ಎತ್ತುಗಳನ್ನು ಬಿಚ್ಚಿದ್ದಾರೆ, ಆಳುಗಳು ನಾಣ್ಯ ಇಳಿಸಿ ನೆಲಕ್ಕೆ ಜೋಡಿಸುತ್ತಿದ್ದಾರೆ. ಆ ನಾಣ್ಯಗಳು ಚೌಕ. ಪಂಚ್ ಮಾರ್ಕ್ ನಾಣ್ಯಗಳು ಹೇಗೆ ಸಿಗುತ್ತವೋ ಹಾಗೇ. ಶಿಲ್ಪಿ ತಾನು ದಿನಾ ನೋಡುತ್ತಿದ್ದ ದುಡ್ಡನ್ನೇ ಕೆತ್ತಿದ್ದಾನೆ. ಅದೇ ಕಲ್ಲಿನಲ್ಲಿ ಬುದ್ಧನ ಆಕಾರ ಮಾತ್ರ ಇಲ್ಲ, ಅವನ ಬದಲು ಗುರುತು. ಕನಿಷ್ಕನ ನಾಣ್ಯದಲ್ಲಿ ಬುದ್ಧ ಎದುರಿಗೆ ನಿಲ್ಲುವ ಹೊತ್ತಿಗೆ ಸುಮಾರು ಮುನ್ನೂರು ವರ್ಷ ಕಳೆದಿತ್ತು.

ಬಯಲುಸೀಮೆ:
ನಮ್ಮ ಕಡೆ ಇಂಥದ್ದು?

ಶಾಸನದಾರಿ:
ನಾಣ್ಯ ಕೆತ್ತಿದ್ದು ಅಂತಲ್ಲ, ಆದರೆ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋಗಿ ಬನ್ನಿ. ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪ ಇರುವ ಜಾಗ. ಅಲ್ಲೇ ಇನ್ನೊಂದು ಫಲಕದಲ್ಲಿ ಶಾತಕರ್ಣಿ ರಾಜ ಮಹಾಚೈತ್ಯಕ್ಕೆ ಬೆಳ್ಳಿಯ ಕಮಲದ ಹೂಗಳನ್ನು ಅರ್ಪಿಸುತ್ತಿದ್ದಾನೆ, ಕೆಳಗೆ ಬ್ರಾಹ್ಮಿಯಲ್ಲಿ ಹಾಗಂತ ಬರೆದೂ ಇದೆ. ಇದೇ ಶಾತವಾಹನರ ಶಾಸನಗಳಲ್ಲಿ ವೇದದ ಯಜ್ಞಗಳ ಪಟ್ಟಿ ಬರುತ್ತದೆ. ಅವರ ಸೀಸದ ನಾಣ್ಯಗಳಲ್ಲಿ ಆನೆ, ಬೆಟ್ಟ, ಉಜ್ಜಯಿನಿ ಗುರುತು (ಕೂಡು ಗೆರೆಯ ನಾಲ್ಕು ತುದಿಗೂ ವೃತ್ತ), ಕೆಲವದರಲ್ಲಿ ಹಡಗು.

ವರಹ_ಹಣ_ಹಾಗ:
ಸೀಸದ ನಾಣ್ಯ ನೋಡಬೇಕಾದರೆ ಚಿತ್ರದುರ್ಗದ ಚಂದ್ರವಳ್ಳಿ ಬಗ್ಗೆಯೂ ಓದಿ. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ವೀಲರ್ ಅಲ್ಲಿ ಅಗೆದರು. ಶಾತವಾಹನರ ಕಾಲದ ಸ್ಥಳೀಯ ಸಾಮಂತರಾದ ಮಹಾರಠಿಗಳ ಸೀಸದ ನಾಣ್ಯದಲ್ಲಿ ಒಂದು ಕಡೆ ಗೂಳಿ. ಅದರ ಜೊತೆಗೇ ರೋಮಿನ ಅಗಸ್ಟಸ್, ಟೈಬೀರಿಯಸ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ.

ಬಯಲುಸೀಮೆ:
ಆ ಗೂಳಿ ನಂದಿನಾ, ಬರೀ ಗೂಳಿನಾ?

ಕಾಸಿನಸರ:
ಪಕ್ಕದಲ್ಲಿ ಲಿಂಗವೋ ತ್ರಿಶೂಲವೋ ಇದ್ದಿದ್ದರೆ ಹೇಳಬಹುದಿತ್ತು. ಇನ್ನೊಂದು ಬದಿಯಲ್ಲಿ ಕಟ್ಟೆಯೊಳಗಿನ ಮರ ಮತ್ತು ಬೆಟ್ಟದ ಗುರುತು ಇದೆ. ಆ ಮರವನ್ನು ಬೌದ್ಧರೂ ನಮ್ಮದು ಅನ್ನಬಹುದು, ಹಳ್ಳಿಯ ಅಶ್ವತ್ಥಕಟ್ಟೆಗೆ ಸುತ್ತು ಬರುವವರೂ ಅನ್ನಬಹುದು. ನಾನು ತರಗತಿಯಲ್ಲಿ ಗೂಳಿ ಅಂತಲೇ ಹೇಳುತ್ತೇನೆ.